ಅಳಿವಿನಂಚಿನ ಸಸ್ಯಗಳ ಆನುವಂಶಿಕ ವೈವಿಧ್ಯ ಮತ್ತು ಆಣ್ವಿಕ ಮಾರ್ಕರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ಅರಣ್ಯ ಸಿಬ್ಬಂದಿ, ಸಸ್ಯೋದ್ಯಾನಗಳಲ್ಲಿ ಅಪರೂಪದ ಗಿಡಗಳನ್ನು ಸಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳ ಹಿಂದೆ ನನ್ನದೊಂದು ಗಟ್ಟಿ ನಿಲುವಿದೆ: ಫಲಿತಾಂಶ ಬಂದ ಮೇಲೆ ಯಾವ ತೀರ್ಮಾನ ಬದಲಾಗಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಅಳಿವಿನಂಚಿನ ಗಿಡದಿಂದ ಒಂದು ಎಲೆಯನ್ನೂ ಕೀಳಬಾರದು.

ಆಣ್ವಿಕ ಮಾರ್ಕರ್ ಎಂದರೇನು?

ಒಂದೇ ಪ್ರಭೇದದ ಎರಡು ಗಿಡಗಳ ಡಿಎನ್‌ಎಯನ್ನು ಪಕ್ಕಪಕ್ಕದಲ್ಲಿಟ್ಟರೆ ಬಹುಪಾಲು ಒಂದೇ ರೀತಿ ಇರುತ್ತದೆ, ಅಲ್ಲಲ್ಲಿ ಮಾತ್ರ ವ್ಯತ್ಯಾಸವಿರುತ್ತದೆ. ಹಾಗೆ ಗಿಡದಿಂದ ಗಿಡಕ್ಕೆ ಬದಲಾಗುವ, ನಾವು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಗುರುತಿಸಬಲ್ಲ ಜಾಗವೇ ಮಾರ್ಕರ್. ಒಂದು ಜಾಗದಲ್ಲಿ ಕಾಣುವ ಬೇರೆ ಬೇರೆ ರೂಪಗಳಿಗೆ ಅಲೀಲ್‌ಗಳೆನ್ನುತ್ತಾರೆ. ಹೂವಿನ ಬಣ್ಣ, ಎಲೆಯ ಅಗಲ ಮುಂತಾದವು ನೆಲ, ನೀರು, ಬಿಸಿಲಿಗೆ ತಕ್ಕಂತೆ ಬದಲಾಗುತ್ತವೆ. ಮಾರ್ಕರ್ ಹಾಗಲ್ಲ. ಮೊಳಕೆಯಲ್ಲಿ ನೋಡಿದರೂ ನೂರು ವರ್ಷದ ಮರದಲ್ಲಿ ನೋಡಿದರೂ ಅದು ಒಂದೇ.

ಗಿಡಗಳನ್ನು ಎಣಿಸಿದರೆ ಸಾಲದೇ? ಡಿಎನ್‌ಎ ಏಕೆ ಬೇಕು?

ಎಣಿಕೆ ಬೇಕೇ ಬೇಕು, ಅದು ಮೊದಲ ಕೆಲಸ. ಆದರೆ ಕಣ್ಣಿಗೆ ಕಾಣುವ ಸಂಖ್ಯೆ ಎಷ್ಟೋ ಬಾರಿ ಮೋಸಮಾಡುತ್ತದೆ. ಟಾಸ್ಮೇನಿಯಾದ ಲೊಮೇಶಿಯಾ ಟಾಸ್ಮೇನಿಕಾ ಎಂಬ ಪೊದೆಯನ್ನು ನೋಡಿ. ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನೂರಾರು ಕಾಂಡಗಳು ನಿಂತಿವೆ. ಹೂ ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಪರೀಕ್ಷಿಸಿದಾಗ ಅವೆಲ್ಲ ಪ್ರತಿ ವರ್ಣತಂತುವಿನ ಮೂರು ಪ್ರತಿಗಳಿರುವ, ಬೇರಿನಿಂದ ಚಿಗುರುತ್ತಾ ಹರಡಿದ ಒಂದೇ ಗಿಡವೆಂದು ತಿಳಿಯಿತು. ಹತ್ತಿರದಲ್ಲೇ ಸಿಕ್ಕ, ಅದೇ ಗಿಡದ್ದೆಂದು ತೋರುವ ಎಲೆಯ ಪಳೆಯುಳಿಕೆಗಳು ಕನಿಷ್ಠ 43,600 ವರ್ಷ ಹಳೆಯವು. ಎಣಿಸಿದರೆ ನೂರಾರು, ಆನುವಂಶಿಕವಾಗಿ ಒಂದು.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಉಳಿದಿದ್ದ ಲೇಕ್‌ಸೈಡ್ ಡೇಸಿ ಗಿಡಗಳು ಹದಿನೈದಕ್ಕೂ ಹೆಚ್ಚು ವರ್ಷ ಹೂ ಬಿಟ್ಟರೂ ಬೀಜ ಕಟ್ಟಲಿಲ್ಲ. ಜೇನ್ನೊಣಗಳಿದ್ದವು, ಪರಾಗವಿತ್ತು, ಮಣ್ಣೂ ಸರಿಯಿತ್ತು. ತನ್ನದೇ ಪರಾಗವನ್ನಾಗಲಿ, ಅದೇ ಹೊಂದಾಣಿಕೆಯ ಅಲೀಲ್‌ಗಳಿರುವ ಗಿಡದ ಪರಾಗವನ್ನಾಗಲಿ ಈ ಸಸ್ಯ ಸ್ವೀಕರಿಸುವುದಿಲ್ಲ. ಉಳಿದಿದ್ದ ಗಿಡಗಳೆಲ್ಲ ಒಂದೇ ಹೊಂದಾಣಿಕೆ ಗುಂಪಿಗೆ ಸೇರಿದ್ದವು. ಓಹಾಯೋದ ಗಿಡಗಳ ಜೊತೆ ಸಂಕರ ಮಾಡಿದಾಗ ಬೀಜ ಬಂತು. ಅಲ್ಲಿ ಈ ರಹಸ್ಯ ಬಿಡಿಸಿದ್ದು ಕೈಯಿಂದ ಮಾಡಿದ ಪರಾಗಸ್ಪರ್ಶದ ಪ್ರಯೋಗ, ಮಾರ್ಕರ್ ಅಲ್ಲ. ಸಂಬಂಧವಿಲ್ಲದ ಜೋಡಿಯನ್ನು ಹುಡುಕಿಕೊಡುವುದು ಮಾರ್ಕರ್‌ನ ಕೆಲಸ. ಎರಡೂ ಕೈಜೋಡಿಸಬೇಕು.

ವೈವಿಧ್ಯ ಕಡಿಮೆಯಾದರೆ ಗಿಡಕ್ಕೆ ಆಗುವ ನಷ್ಟವೇನು?

ಎರಡು ಬಗೆಯ ನಷ್ಟ. ಮೊದಲನೆಯದು ಈ ಪೀಳಿಗೆಯಲ್ಲೇ ಕಾಣುತ್ತದೆ. ಹತ್ತಿರದ ಸಂಬಂಧಿಗಳ ನಡುವೆ ಸಂತಾನವಾದಾಗ, ಅವಿತುಕೊಂಡಿದ್ದ ಹಾನಿಕಾರಕ ಅಲೀಲ್‌ಗಳು ಎರಡೂ ಕಡೆಯಿಂದ ಬಂದು ಕೂಡುತ್ತವೆ. ಬೀಜ ಜೊಳ್ಳಾಗುತ್ತದೆ, ಮೊಳಕೆ ಸೊರಗುತ್ತದೆ, ಉಳಿದ ಗಿಡ ತಡವಾಗಿ ಹೂ ಬಿಡುತ್ತದೆ. ಇದೇ ಒಳತಳೀಕರಣದ ಹಾನಿ. ಎರಡನೆಯದು ನಿಧಾನದ್ದು. ಹೊಸ ರೋಗವೋ ಬರವೋ ಬಂದಾಗ ಎದುರಿಸಬಲ್ಲ ಅಲೀಲ್ ಯಾವ ಗಿಡದಲ್ಲೂ ಉಳಿದಿರುವುದಿಲ್ಲ.

ಸಣ್ಣ ಗುಂಪಿನಲ್ಲಿ ಅಲೀಲ್‌ಗಳು ಕೇವಲ ಆಕಸ್ಮಿಕವಾಗಿ ಕಳೆದುಹೋಗುತ್ತವೆ. ಯಾವ ಗಿಡದ ಬೀಜ ಮೊಳೆಯಿತು, ಯಾವುದನ್ನು ದನ ಮೇಯ್ದಿತು ಎಂಬಷ್ಟರ ಮೇಲೇ ಅದು ನಿಂತಿರುತ್ತದೆ. ಇದಕ್ಕೆ ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ. ಇದರ ಲೆಕ್ಕ ಸರಳ. ಗುಂಪಿನ ಪರಿಣಾಮಕಾರಿ ಗಾತ್ರದ ಎರಡರಷ್ಟರಿಂದ ಒಂದನ್ನು ಭಾಗಿಸಿದರೆ ಪ್ರತಿ ಪೀಳಿಗೆಗೆ ಕಳೆಯುವ ಪಾಲು ಸಿಗುತ್ತದೆ. ಗಾತ್ರ 50 ಇದ್ದರೆ ಪೀಳಿಗೆಗೆ ಶೇ 1 ನಷ್ಟ. 10 ಇದ್ದರೆ ಶೇ 5, ಅಂದರೆ ಹತ್ತು ಪೀಳಿಗೆಗಳ ಹೊತ್ತಿಗೆ ಮೂಲದ ಸುಮಾರು ಶೇ 60 ಮಾತ್ರ ಉಳಿದಿರುತ್ತದೆ.

ಪರಿಣಾಮಕಾರಿ ಗಾತ್ರವೆಂದರೆ ನಿಂತಿರುವ ಗಿಡಗಳ ಸಂಖ್ಯೆಯಲ್ಲ, ಮುಂದಿನ ಪೀಳಿಗೆಗೆ ನಿಜಕ್ಕೂ ಪಾಲು ಕೊಡುತ್ತಿರುವವುಗಳ ಲೆಕ್ಕ. ಹಲವು ಜೀವಿಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಅದು ನಿಜ ಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಐನೂರು ಗಿಡಗಳಿವೆ ಎಂದು ನೆಮ್ಮದಿಯಿಂದಿರುವವರು ಈ ಅನುಪಾತವನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

50 ಮತ್ತು 500ರ ನಿಯಮ ಎಂದು ಕೇಳಿದ್ದೇನೆ. ಅದೇನು?

ತಕ್ಷಣದ ಒಳತಳೀಕರಣದಿಂದ ತಪ್ಪಿಸಿಕೊಳ್ಳಲು ಪರಿಣಾಮಕಾರಿ ಗಾತ್ರ 50, ದೀರ್ಘಕಾಲ ವಿಕಾಸದ ಸಾಮರ್ಥ್ಯ ಉಳಿಸಿಕೊಳ್ಳಲು 500 ಇರಬೇಕೆಂದು 1980ರಲ್ಲಿ ತಳಿವಿಜ್ಞಾನಿ ಫ್ರಾಂಕ್ಲಿನ್ ಸೂಚಿಸಿದರು. 2014ರಲ್ಲಿ ಫ್ರಾಂಕಮ್ ಮತ್ತು ಸಂಗಡಿಗರು ಅವನ್ನು 100 ಮತ್ತು 1000ಕ್ಕೆ ಏರಿಸಬೇಕೆಂದರು. 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಕುನ್ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟಿನ ಸೂಚ್ಯಂಕಗಳಲ್ಲಿ 500ರ ಮಿತಿ ಬಳಕೆಯಲ್ಲಿದೆ. ಇವು ದಿಕ್ಕು ತೋರಿಸುವ ಅಂಕಿಗಳು. 480 ಇರುವ ಗುಂಪನ್ನು ಕೈಬಿಡಲು ನೆಪವಾಗಿ ಇವನ್ನು ಬಳಸುವುದು ತಪ್ಪು.

ಎಷ್ಟು ಬಗೆಯ ಮಾರ್ಕರ್‌ಗಳಿವೆ?

1960ರ ದಶಕದಲ್ಲಿ ಕೆಲಸ ಆರಂಭವಾದದ್ದು ಪ್ರೋಟೀನ್‌ಗಳಿಂದ. ಒಂದೇ ಕಿಣ್ವದ ಭಿನ್ನ ರೂಪಗಳು ಜೆಲ್‌ನಲ್ಲಿ ಬೇರೆ ಬೇರೆ ದೂರ ಸಾಗುವುದನ್ನು ನೋಡಿ ವೈವಿಧ್ಯವನ್ನು ಅಳೆಯುತ್ತಿದ್ದರು. ಇವೇ ಅಲೋಜೈಮ್‌ಗಳು. ಅಗ್ಗ, ಸರಳ, ಆದರೆ ತೋರಿಸುವುದು ಕಡಿಮೆ. 1980ರಲ್ಲಿ ಡಿಎನ್‌ಎಯನ್ನೇ ಕತ್ತರಿಸಿ ತುಂಡುಗಳ ಉದ್ದ ನೋಡುವ ಆರ್‌ಎಫ್‌ಎಲ್‌ಪಿ ವಿಧಾನ ಪ್ರಸ್ತಾಪವಾಯಿತು. ಡಿಎನ್‌ಎಯ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಬಂದ ಮೇಲೆ ದಾರಿ ತೆರೆಯಿತು: 1990ರಲ್ಲಿ ಆರ್‌ಎಪಿಡಿ, 1994ರಲ್ಲಿ ಐಎಸ್‌ಎಸ್‌ಆರ್, 1995ರಲ್ಲಿ ಎಎಫ್‌ಎಲ್‌ಪಿ ಎಂಬ ವಿಧಾನಗಳು ಬಂದವು. ಡಿಎನ್‌ಎಯ ಒಂದರಿಂದ ಆರು ಅಕ್ಷರಗಳ (ಬೇಸ್‌ಗಳ) ತುಣುಕು ಸಾಲಾಗಿ ಪುನರಾವರ್ತನೆಯಾಗುವ ಮೈಕ್ರೋಸ್ಯಾಟಲೈಟ್‌ಗಳು, ಅಂದರೆ ಎಸ್‌ಎಸ್‌ಆರ್‌ಗಳು, ಎರಡು ದಶಕ ಈ ಕ್ಷೇತ್ರವನ್ನು ಆಳಿದವು. ಈಗ ಒಂದೇ ಅಕ್ಷರದ ವ್ಯತ್ಯಾಸಗಳಾದ ಎಸ್‌ಎನ್‌ಪಿಗಳ ಕಾಲ. 2008ರ ರ‍್ಯಾಡ್ ಸೀಕ್ವೆನ್ಸಿಂಗ್ ಮತ್ತು 2011ರ ಜಿಬಿಎಸ್ ಎಂಬ, ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಓದುವ ವಿಧಾನಗಳಿಂದ, ಮೊದಲೇ ಜೀನೋಮ್ (ಪೂರ್ಣ ಡಿಎನ್‌ಎ) ತಿಳಿಯದ ಕಾಡುಗಿಡದಲ್ಲೂ ಸಾವಿರಾರು ಎಸ್‌ಎನ್‌ಪಿಗಳನ್ನು ಒಂದೇ ಬಾರಿಗೆ ಪಡೆಯಬಹುದು.

ನಮ್ಮ ಪ್ರಯೋಗಾಲಯದಲ್ಲಿ ಆರ್‌ಎಪಿಡಿ ಮಾತ್ರ ಸಾಧ್ಯ. ಅದನ್ನೇ ಬಳಸಬಹುದೇ?

ಹೊಸ ಅಧ್ಯಯನಕ್ಕೆ ಬೇಡ ಎಂಬುದು ನನ್ನ ಸ್ಪಷ್ಟ ಸಲಹೆ. ಹತ್ತು ಅಕ್ಷರಗಳ ಪುಟ್ಟ ಪ್ರೈಮರ್, ಅಂದರೆ ನಕಲು ಶುರುವಾಗುವ ಜಾಗವನ್ನು ಹಿಡಿಯುವ ಡಿಎನ್‌ಎ ತುಣುಕು, ಸುಮಾರು 36 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ತಾಪಮಾನದಲ್ಲಿ ಡಿಎನ್‌ಎಗೆ ಅಂಟುತ್ತದೆ. ಹೀಗಾಗಿ ಮೆಗ್ನೀಸಿಯಂ ಪ್ರಮಾಣ, ಡಿಎನ್‌ಎಯ ಗುಣಮಟ್ಟ, ಯಂತ್ರದ ಮಾದರಿ ಬದಲಾದರೂ ಜೆಲ್‌ನಲ್ಲಿ ಕಾಣುವ ಡಿಎನ್‌ಎ ಪಟ್ಟಿಗಳು ಬದಲಾಗಬಹುದು. ಒಂದು ಕಡೆಯ ಫಲಿತಾಂಶ ಇನ್ನೊಂದು ಕಡೆ ಮರುಕಳಿಸುವುದು ಕಷ್ಟ. ಮೇಲಾಗಿ ಇದು ಪ್ರಬಲ ಮಾರ್ಕರ್. ಪಟ್ಟಿ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಗಿಡದಲ್ಲಿ ಆ ಅಲೀಲ್‌ನ ಒಂದು ಪ್ರತಿ ಇದೆಯೋ ಎರಡಿವೆಯೋ ಹೇಳುವುದಿಲ್ಲ. ಒಳತಳೀಕರಣವನ್ನು ಅಳೆಯಲು ಬೇಕಾದದ್ದು ಆ ಮಾಹಿತಿಯೇ.

ಹಿಂದೆ ಆರ್‌ಎಪಿಡಿಯಿಂದ ಎಚ್ಚರದಿಂದ ಮಾಡಿದ ಕೆಲಸಗಳನ್ನು ತಳ್ಳಿಹಾಕಬೇಕಿಲ್ಲ. ಆಗ ಅದೇ ಕೈಗೆಟುಕುವ ಸಾಧನವಾಗಿತ್ತು. ಇಂದು ಸೀಕ್ವೆನ್ಸಿಂಗನ್ನು ಹೊರಗೆ ಮಾಡಿಸಬಹುದು. ಡಿಎನ್‌ಎ ತೆಗೆದು ಒಣಗಿಸಿ ಕಳುಹಿಸುವಷ್ಟು ಸೌಲಭ್ಯವಿದ್ದರೆ ಸಾಕು.

ಹಾಗಾದರೆ ಎಸ್‌ಎಸ್‌ಆರ್ ಉತ್ತಮವೋ, ಎಸ್‌ಎನ್‌ಪಿಯೋ?

ಪ್ರಶ್ನೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಇವು ತದ್ರೂಪಿಗಳೇ, ಈ ಸಸಿಯ ತಂದೆ ಯಾರು, ಬೀಜಗಳಲ್ಲಿ ಎಷ್ಟು ಪಾಲು ಹೊರಗಿನ ಪರಾಗದಿಂದ ಬಂದದ್ದು ಎಂಬಂಥ ಪ್ರಶ್ನೆಗಳಿಗೆ ಹತ್ತು ಹದಿನೈದು ಒಳ್ಳೆಯ ಎಸ್‌ಎಸ್‌ಆರ್‌ಗಳು ಇಂದಿಗೂ ಚೆನ್ನಾಗಿ ದುಡಿಯುತ್ತವೆ. ಒಂದೊಂದು ಜಾಗದಲ್ಲೂ ಅನೇಕ ಅಲೀಲ್‌ಗಳಿರುವುದರಿಂದ ಗಿಡಗಳನ್ನು ಬೇರ್ಪಡಿಸುವ ಶಕ್ತಿ ಹೆಚ್ಚು. ತಂದೆಯ ಅಲೀಲ್, ತಾಯಿಯ ಅಲೀಲ್ ಎರಡೂ ಕಾಣುತ್ತವೆ. ದೌರ್ಬಲ್ಯಗಳೂ ಇವೆ. ಪ್ರಭೇದಕ್ಕೆ ತಕ್ಕ ಪ್ರೈಮರ್‌ಗಳನ್ನು ಹುಡುಕಬೇಕು, ಎರಡು ಪ್ರಯೋಗಾಲಯಗಳ ಅಳತೆಗಳು ಒಂದೆರಡು ಅಕ್ಷರ ಆಚೀಚೆ ಬರುತ್ತವೆ. ಪ್ರೈಮರ್ ಕೂರುವ ಜಾಗವೇ ಬದಲಾಗಿದ್ದರೆ ಆ ಅಲೀಲ್ ಕಾಣುವುದೇ ಇಲ್ಲ.

ಗುಂಪಿನ ಇತಿಹಾಸ, ಕುಸಿತ ಯಾವಾಗ ಆಯಿತು, ಪರಿಸರಕ್ಕೆ ಹೊಂದಿಕೊಂಡ ಭಾಗಗಳು ಜೀನೋಮ್‌ನಲ್ಲಿ ಎಲ್ಲಿವೆ ಎಂಬ ಪ್ರಶ್ನೆಗಳಿಗೆ ಸಾವಿರಾರು ಎಸ್‌ಎನ್‌ಪಿ ಬೇಕು. ಒಂದೊಂದು ಎಸ್‌ಎನ್‌ಪಿಗೆ ಸಾಮಾನ್ಯವಾಗಿ ಎರಡೇ ಅಲೀಲ್. ಬಿಡಿಯಾಗಿ ನೋಡಿದರೆ ಬಡವು, ಒಟ್ಟಾಗಿ ಬಲಿಷ್ಠ. ಆದರೆ ಇಲ್ಲಿ ಖರ್ಚು ಪ್ರಯೋಗಾಲಯದಿಂದ ಕಂಪ್ಯೂಟರಿಗೆ ವರ್ಗವಾಗುತ್ತದೆ. ದತ್ತಾಂಶವನ್ನು ಯಾವ ಮಿತಿಗಳಲ್ಲಿ ಸೋಸಿದಿರಿ ಎಂಬುದರಿಂದಲೇ ಫಲಿತಾಂಶ ಬದಲಾಗಬಹುದು. ಆದ್ದರಿಂದ ಸೋಸಿದ ಕ್ರಮವನ್ನು ಪೂರ್ತಿಯಾಗಿ ಬರೆದಿಡಬೇಕು.

ಕ್ಲೋರೋಪ್ಲಾಸ್ಟ್ ಡಿಎನ್‌ಎ ಬೇರೆಯೇ ಕಥೆ ಹೇಳುತ್ತದೆಯಂತೆ?

ಹೌದು. ಬಹುಪಾಲು ಹೂಬಿಡುವ ಸಸ್ಯಗಳಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಬೀಜ ಸಾಗಿದ ದಾರಿಯನ್ನು ತೋರಿಸುತ್ತದೆ. ಬಹುಪಾಲು ಶಂಕುಧಾರಿ ಮರಗಳಲ್ಲಿ ಅದು ಪರಾಗದ ಮೂಲಕ ತಂದೆಯಿಂದ ಬರುತ್ತದೆ. ಕೋಶಕೇಂದ್ರದ ಮಾರ್ಕರ್ ಮತ್ತು ಕ್ಲೋರೋಪ್ಲಾಸ್ಟ್ ಮಾರ್ಕರ್ ಎರಡನ್ನೂ ಹೋಲಿಸಿದರೆ ಪರಾಗ ದೂರ ಹೋಗುತ್ತಿದೆಯೋ ಬೀಜವೋ ತಿಳಿಯುತ್ತದೆ. ಹಣ್ಣು ತಿಂದು ಬೀಜ ಹರಡುವ ಪ್ರಾಣಿಯೇ ಮರೆಯಾದ ಕಾಡಿನಲ್ಲಿ ಇದು ಬಹಳ ಉಪಯುಕ್ತ.

ಎಷ್ಟು ಗಿಡಗಳಿಂದ ಮಾದರಿ ತೆಗೆಯಬೇಕು?

ಪ್ರತಿ ಗುಂಪಿನಿಂದ ಸುಮಾರು 30 ಒಳ್ಳೆಯ ಗುರಿ. ಕಾರಣವಿದೆ. 30 ಗಿಡಗಳೆಂದರೆ ಪ್ರತಿ ಜಾಗದ 60 ಪ್ರತಿಗಳು. ಶೇ 5ರಷ್ಟು ವಿರಳವಾಗಿರುವ ಅಲೀಲ್ ಈ 60ರಲ್ಲಿ ಒಮ್ಮೆಯಾದರೂ ಸಿಗುವ ಸಂಭವ ಸುಮಾರು ಶೇ 95. ಗುಂಪಿನಲ್ಲಿ ಇರುವುದೇ ಹನ್ನೆರಡು ಗಿಡಗಳಾದರೆ ಹನ್ನೆರಡನ್ನೂ ತೆಗೆದುಕೊಳ್ಳಿ. ಆಗ ಅದು ಮಾದರಿಯಲ್ಲ, ಪೂರ್ಣ ಗಣತಿ. ಅದರ ಬೆಲೆ ಇನ್ನೂ ಹೆಚ್ಚು.

ಸಂಖ್ಯೆಗಿಂತ ಆಯ್ಕೆಯ ರೀತಿ ಮುಖ್ಯ. ದಾರಿ ಬದಿಯ, ಕೈಗೆಟುಕುವ ಗಿಡಗಳನ್ನಷ್ಟೇ ತೆಗೆದರೆ ಒಂದೇ ತಾಯಿಯ ಮಕ್ಕಳನ್ನು ಅಳೆದು ಇಡೀ ಗುಂಪಿನ ಮೇಲೆ ತೀರ್ಪು ಕೊಟ್ಟಂತಾಗುತ್ತದೆ. ಗುಂಪಿನ ಅಂಚು, ನಡು, ಬಂಡೆಯ ಸಂದು ಎಲ್ಲ ಕಡೆಯಿಂದ, ಪ್ರತಿ ಗಿಡದ ಸ್ಥಾನವನ್ನು ದಾಖಲಿಸಿ ತೆಗೆಯಬೇಕು. ಬೇರುಚಿಗುರಿನಿಂದ ಹರಡುವ ಸಸ್ಯವಾದರೆ ಗಿಡಗಳ ನಡುವೆ ಅಂತರ ಬಿಡಿ. ತದ್ರೂಪಿಗಳು ಎಷ್ಟು ದೂರ ಹರಡಿವೆ ಎಂಬುದೇ ಪ್ರಶ್ನೆಯಾಗಿದ್ದರೆ ಮಾತ್ರ ಉದ್ದೇಶಪೂರ್ವಕವಾಗಿ ಹತ್ತಿರ ಹತ್ತಿರ ತೆಗೆಯಿರಿ.

ಎಲೆ ಕೀಳುವುದರಿಂದ ಗಿಡಕ್ಕೆ ಹಾನಿಯಾಗುವುದಿಲ್ಲವೇ?

ಉಗುರಿನಷ್ಟು ಎಲೆಯ ತುಂಡು ಸಾಕು, ಮೊಳಕೆಯಾದರೆ ಅದಕ್ಕೂ ಕಡಿಮೆ. ಬೆಳೆಯುವ ತುದಿಯನ್ನು ಮುಟ್ಟಬೇಡಿ. ಪ್ರತಿ ಗಿಡಕ್ಕೂ ಕತ್ತರಿಯನ್ನು ಶುಚಿಗೊಳಿಸಿ. ಇದು ಡಿಎನ್‌ಎ ಬೆರಕೆಯಾಗದಿರಲು ಎಷ್ಟು ಅಗತ್ಯವೋ ರೋಗ ಹರಡದಿರಲು ಅದಕ್ಕಿಂತ ಹೆಚ್ಚು ಅಗತ್ಯ. ಬೂಟಿನ ಮಣ್ಣನ್ನೂ ತೊಳೆಯಬೇಕು. ಬೇರು ಕೊಳೆಸುವ ಫೈಟೋಫ್ತೋರಾ ಮಣ್ಣಿನ ಜೊತೆ ಪ್ರಯಾಣಿಸುತ್ತದೆ. ಅಳತೆ ಮಾಡಲು ಹೋದವರೇ ಅದನ್ನು ಒಯ್ದರೆ ಆಗುವ ಅನಾಹುತಕ್ಕೆ ಕ್ಷಮೆಯಿಲ್ಲ.

ಎಳೆಯ, ರೋಗವಿಲ್ಲದ ಎಲೆಯನ್ನು ತೂಕದ ಹತ್ತರಷ್ಟು ಸಿಲಿಕಾ ಜೆಲ್ ಇರುವ ಚೀಲದಲ್ಲಿ ಹಾಕಿದರೆ ಒಂದು ದಿನದೊಳಗೆ ಗರಿಗರಿಯಾಗಿ ಒಣಗಬೇಕು. ನಿಧಾನವಾಗಿ ಒಣಗಿದರೆ ಡಿಎನ್‌ಎ ಚೂರಾಗುತ್ತದೆ. ದಪ್ಪ ಎಲೆಯನ್ನು ಸಣ್ಣಗೆ ಸೀಳಿ ಹಾಕಿ.

ಕೆಲವು ಗಿಡಗಳಿಂದ ಡಿಎನ್‌ಎ ಬರುವುದೇ ಇಲ್ಲ. ಏನು ಮಾಡುವುದು?

ಅಂಟು, ಟ್ಯಾನಿನ್, ಪಾಲಿಫಿನಾಲ್‌ಗಳು ತುಂಬಿದ ಎಲೆಗಳಲ್ಲಿ ಈ ಕಷ್ಟ ಇದ್ದದ್ದೇ. 1987ರಲ್ಲಿ ಡಾಯ್ಲ್ ದಂಪತಿ ಪ್ರಕಟಿಸಿದ, ಸಿಟಿಎಬಿ ಎಂಬ ಮಾರ್ಜಕ ಬಳಸಿ ಡಿಎನ್‌ಎ ತೆಗೆಯುವ ವಿಧಾನವೇ ಇಂದಿಗೂ ಆಧಾರ. ಅದಕ್ಕೆ ಪಿವಿಪಿ ಎಂಬ ರಾಸಾಯನಿಕ ಸೇರಿಸಿದರೆ ಪಾಲಿಫಿನಾಲ್ ಹಿಡಿದಿಡುತ್ತದೆ, ಉಪ್ಪಿನ ಪ್ರಮಾಣ ಹೆಚ್ಚಿಸಿದರೆ ಅಂಟು ಕಡಿಮೆಯಾಗುತ್ತದೆ. ಕಂದುಬಣ್ಣದ ಡಿಎನ್‌ಎಯನ್ನು ಹಾಗೆಯೇ ಪಿಸಿಆರ್‌ಗೆ ಹಾಕಿ ಸೋಲುವುದಕ್ಕಿಂತ ಮತ್ತೊಮ್ಮೆ ಶುದ್ಧೀಕರಿಸುವುದು ಮೇಲು.

ವರದಿಯಲ್ಲಿ ಬರುವ ಸಂಖ್ಯೆಗಳನ್ನು ಹೇಗೆ ಓದಬೇಕು?

ಮೊದಲು ನಿರೀಕ್ಷಿತ ವಿಷಮಯುಗ್ಮತೆ. ಗುಂಪಿನಲ್ಲಿ ಗಿಡಗಳು ಯಾದೃಚ್ಛಿಕವಾಗಿ ಸಂಕರಗೊಂಡಿದ್ದರೆ, ಎಷ್ಟು ಪಾಲು ಗಿಡಗಳಲ್ಲಿ ಎರಡು ಬೇರೆ ಬೇರೆ ಅಲೀಲ್‌ಗಳಿರಬೇಕಿತ್ತು ಎಂಬ ಲೆಕ್ಕ. ಎರಡು ಅಲೀಲ್‌ಗಳು ಸಮನಾಗಿದ್ದರೆ ಅದು 0.50. ಒಂದು ಶೇ 90, ಇನ್ನೊಂದು ಶೇ 10 ಇದ್ದರೆ 0.18. ನಂತರ ನಿಜಕ್ಕೂ ಕಂಡ ವಿಷಮಯುಗ್ಮತೆ. ನಿರೀಕ್ಷೆ 0.50, ಕಂಡದ್ದು 0.30 ಆದರೆ ಕೊರತೆ ಶೇ 40, ಒಳತಳೀಕರಣ ಗುಣಾಂಕ 0.40.

ಇಲ್ಲಿ ಬಹಳ ಜನ ಎಡವುತ್ತಾರೆ. ಕೊರತೆ ಕಂಡ ಕೂಡಲೇ ಒಳತಳೀಕರಣವೆಂದು ಬರೆದುಬಿಡುತ್ತಾರೆ. ಕಾಣದೆ ಹೋದ ಅಲೀಲ್‌ಗಳಿಂದಲೂ ಅದೇ ಕೊರತೆ ಬರುತ್ತದೆ. ನಿಜದಲ್ಲಿ ಬೇರೆ ಬೇರೆಯಾದ ಎರಡು ಗುಂಪುಗಳನ್ನು ಒಂದೆಂದು ತಿಳಿದು ಲೆಕ್ಕ ಹಾಕಿದರೂ ಬರುತ್ತದೆ. ಎಲ್ಲ ಮಾರ್ಕರ್‌ಗಳಲ್ಲೂ ಕೊರತೆ ಒಂದೇ ಮಟ್ಟದಲ್ಲಿದ್ದರೆ ಒಳತಳೀಕರಣದ ಶಂಕೆ ಬಲವಾಗುತ್ತದೆ. ಒಂದೆರಡರಲ್ಲಿ ಮಾತ್ರ ವಿಪರೀತವಾಗಿದ್ದರೆ ಮಾರ್ಕರನ್ನೇ ಶಂಕಿಸಿ.

ಎಫ್‌ಎಸ್‌ಟಿ ಎಂಬುದು ಗುಂಪುಗಳ ನಡುವಿನ ವ್ಯತ್ಯಾಸದ ಅಳತೆ: ಸೊನ್ನೆಯೆಂದರೆ ವ್ಯತ್ಯಾಸವಿಲ್ಲ, ಒಂದೆಂದರೆ ಪೂರ್ತಿ ಬೇರೆ. ಅಲೋಜೈಮ್ ಕಾಲದ ಸಮೀಕ್ಷೆಗಳಲ್ಲಿ ಸ್ವಪರಾಗಸ್ಪರ್ಶದ ಸಸ್ಯಗಳ ಸರಾಸರಿ ಸುಮಾರು 0.5, ಗಾಳಿಯಿಂದ ಪರಕೀಯ ಪರಾಗ ಪಡೆಯುವವುಗಳದು ಸುಮಾರು 0.1. ಆದ್ದರಿಂದ ಗಿಡದ ಸಂತಾನೋತ್ಪತ್ತಿಯ ರೀತಿ ತಿಳಿಯದೆ 0.25 ಹೆಚ್ಚೋ ಕಡಿಮೆಯೋ ಹೇಳಲಾಗದು. ಇನ್ನೊಂದು ಎಚ್ಚರ ಬೇಕು. ಗುಂಪಿನೊಳಗಿನ ವಿಷಮಯುಗ್ಮತೆ 0.9ರಷ್ಟಿರುವ ಎಸ್‌ಎಸ್‌ಆರ್‌ಗಳಲ್ಲಿ, ಎರಡು ಗುಂಪುಗಳಿಗೆ ಒಂದೂ ಸಾಮಾನ್ಯ ಅಲೀಲ್ ಇಲ್ಲದಿದ್ದರೂ ಈ ಅಳತೆ 0.1ನ್ನು ದಾಟಲಾರದು. ಅಂಕಿ ಚಿಕ್ಕದೆಂದು ಗುಂಪುಗಳು ಒಂದೇ ಎಂದುಕೊಂಡರೆ ಕಾಪಾಡಬೇಕಾದ ಗುಂಪನ್ನೇ ಕೈಬಿಟ್ಟಂತಾಗುತ್ತದೆ.

ವರದಿಯಲ್ಲಿರುವ ಬಣ್ಣಬಣ್ಣದ ಪಟ್ಟಿಗಳ ಚಿತ್ರದ ಅರ್ಥವೇನು?

2000ನೇ ಇಸವಿಯಲ್ಲಿ ಬಂದ ಸ್ಟ್ರಕ್ಚರ್ ಎಂಬ ತಂತ್ರಾಂಶ ಮತ್ತು ಅದರ ಬಳಗದವು ಗಿಡಗಳನ್ನು ಆನುವಂಶಿಕ ಗುಂಪುಗಳಾಗಿ ಹಂಚಿ ಹಾಗೆ ಚಿತ್ರಿಸುತ್ತವೆ. ಎಷ್ಟು ಗುಂಪುಗಳೆಂಬ ಊಹೆ ನಾವು ಕೊಟ್ಟದ್ದು. ಮೂರು ಎಂದರೆ ಮೂರು ಬಣ್ಣ ಬರುತ್ತದೆ. ದೂರ ಹೆಚ್ಚಿದಂತೆ ನಿಧಾನವಾಗಿ ಬದಲಾಗುವ ಸಸ್ಯವನ್ನೂ ಈ ಚಿತ್ರ ಕತ್ತರಿಸಿ ತೋರಿಸಬಹುದು. ದೂರಕ್ಕೂ ವ್ಯತ್ಯಾಸಕ್ಕೂ ಇರುವ ನಂಟನ್ನು ಪ್ರತ್ಯೇಕವಾಗಿ ಪರೀಕ್ಷಿಸಿಯೇ ಬಣ್ಣಗಳನ್ನು ನಂಬಬೇಕು.

ಉಳಿದಿರುವ ಮರಗಳಲ್ಲಿ ವೈವಿಧ್ಯ ಚೆನ್ನಾಗಿದೆ ಎಂದು ಬಂತು. ಇನ್ನು ನಿಶ್ಚಿಂತೆಯೇ?

ಇಲ್ಲ. ಇದೇ ನನಗೆ ಅತಿ ಅಪಾಯಕಾರಿ ಎನಿಸುವ ತಪ್ಪು ತಿಳಿವಳಿಕೆ. ಇಂದು ನಿಂತಿರುವ ಇನ್ನೂರು ವರ್ಷದ ಮರ ಹುಟ್ಟಿದ್ದು ಕಾಡು ಅಖಂಡವಾಗಿದ್ದಾಗ. ಅದರ ಡಿಎನ್‌ಎಯಲ್ಲಿರುವುದು ಅಂದಿನ ಕಾಡಿನ ಕಥೆ. ಕಾಡು ತುಂಡಾದ ಮೇಲೆ ಏನಾಗುತ್ತಿದೆ ಎಂಬುದು ಬೀಜದಲ್ಲಿ, ಮೊಳಕೆಯಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಮರಗಳ ಅಧ್ಯಯನದಲ್ಲಿ ದೊಡ್ಡ ಮರ, ಎಳೆಯ ಗಿಡ, ಮೊಳಕೆ ಮೂರನ್ನೂ ಬೇರೆ ಬೇರೆ ಅಳೆಯಲೇಬೇಕು. ತಾಯಿಮರದಿಂದ ನೇರವಾಗಿ ಬೀಜ ತಂದು ಮೊಳೆಸಿ, ಎಷ್ಟು ಬೀಜ ಸ್ವಪರಾಗದ್ದು, ಎಷ್ಟು ತಂದೆಮರಗಳು ಪಾಲ್ಗೊಂಡಿವೆ ಎಂದು ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ನೆಲದಡಿ ಬಹುಕಾಲ ಜೀವಂತವಿರುವ ಬೀಜಗಳುಳ್ಳ ಗಿಡಗಳಲ್ಲಿ ಇದಕ್ಕೆ ತಿರುಗುಮುರುಗಾಗಿ ಒಳ್ಳೆಯ ಸುದ್ದಿಯೂ ಸಿಗಬಹುದು. ಮೇಲೆ ಕಳೆದುಹೋದ ಅಲೀಲ್ ಮಣ್ಣಿನಲ್ಲಿ ಉಳಿದಿರಬಹುದು.

ವೈವಿಧ್ಯ ಅತಿ ಕಡಿಮೆಯಿದ್ದರೆ ಆ ಸಸ್ಯಕ್ಕೆ ಭವಿಷ್ಯವಿಲ್ಲವೇ?

1994ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ವಾಯವ್ಯಕ್ಕಿರುವ ಕಮರಿಗಳಲ್ಲಿ ಪತ್ತೆಯಾದ ವೊಲೆಮಿ ಪೈನ್ ನೂರಕ್ಕೂ ಕಡಿಮೆ ಬೆಳೆದ ಮರಗಳಲ್ಲಿ ಉಳಿದಿದೆ. ನೂರಾರು ಎಎಫ್‌ಎಲ್‌ಪಿ ಜಾಗಗಳನ್ನು ಹುಡುಕಿದರೂ ಮರಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಆದರೂ ಅದು ಬೀಜ ಬಿಡುತ್ತದೆ, ಬೀಜ ಮೊಳೆಯುತ್ತದೆ. ಅಂದರೆ ಕಡಿಮೆ ವೈವಿಧ್ಯ ಮರಣಶಾಸನವಲ್ಲ. ಆದರೆ ಒಂದು ರೋಗ ಒಂದು ಮರವನ್ನು ಕೊಲ್ಲಬಲ್ಲದಾದರೆ ಎಲ್ಲವನ್ನೂ ಕೊಲ್ಲಬಲ್ಲದು. ಫೈಟೋಫ್ತೋರಾ ಅಲ್ಲಿ ದೊಡ್ಡ ಭೀತಿ. ಅಂಥ ಸಸ್ಯಕ್ಕೆ ಬೇಕಾದದ್ದು ಅದರ ನೆಲೆಯ ಕಟ್ಟುನಿಟ್ಟಾದ ರಕ್ಷಣೆ ಮತ್ತು ಬೇರೆ ಬೇರೆ ಕಡೆ ಬೆಳೆಸಿಟ್ಟ ಗಿಡಗಳು. 2019–20ರಲ್ಲಿ ಕಾಡ್ಗಿಚ್ಚು ಬಂದಾಗ ಅಗ್ನಿಶಾಮಕ ಸಿಬ್ಬಂದಿ ಆ ಮರಗಳನ್ನು ಉಳಿಸಿಕೊಂಡದ್ದು ಇಂಥ ರಕ್ಷಣೆಯ ಫಲ.

ಇದರ ಜೊತೆಗೆ ಇನ್ನೊಂದು ವ್ಯತ್ಯಾಸ ಗಮನಿಸಿ. ಯಾವಾಗಲೂ ವಿರಳವಾಗಿದ್ದ ಸಸ್ಯ ಬೇರೆ, ನಿನ್ನೆ ಮೊನ್ನೆಯವರೆಗೆ ಹೇರಳವಾಗಿದ್ದು ಈಗ ಕುಸಿದ ಸಸ್ಯ ಬೇರೆ. ಎರಡನೆಯದರ ಒಡಲಲ್ಲಿ ಹಾನಿಕಾರಕ ಅಲೀಲ್‌ಗಳು ಹೆಚ್ಚು ಅವಿತಿರುತ್ತವೆ, ಏಟೂ ಜೋರು. ವೈವಿಧ್ಯದ ಒಂದೇ ಅಂಕಿ ಇಬ್ಬರಿಗೂ ಒಂದೇ ಅರ್ಥ ಕೊಡುವುದಿಲ್ಲ. ಹತ್ತಿರದ, ಸಾಮಾನ್ಯವಾಗಿ ಸಿಗುವ ಪ್ರಭೇದವನ್ನೂ ಅದೇ ಮಾರ್ಕರ್‌ಗಳಿಂದ ಅಳೆದು ಹೋಲಿಸುವುದು ಒಳ್ಳೆಯ ಪದ್ಧತಿ.

ಬೇರೆ ಗುಂಪಿನ ಗಿಡಗಳನ್ನು ತಂದು ಬೆರೆಸಬಹುದೇ?

ಹಲವು ಸಂದರ್ಭಗಳಲ್ಲಿ ಬೆರೆಸಲೇಬೇಕು. ದೂರದ ಗುಂಪುಗಳು ಕೂಡಿದರೆ ಸಂತತಿ ದುರ್ಬಲವಾಗಬಹುದೆಂಬ ಭಯವಿದೆ. ಅದು ನಿಜವಾದರೂ ಎಲ್ಲ ಕಡೆಗೂ ಅನ್ವಯಿಸದು. ವರ್ಣತಂತುಗಳಲ್ಲಿ ಸ್ಥಿರವಾದ ವ್ಯತ್ಯಾಸವಿಲ್ಲದಿದ್ದರೆ, ಕಳೆದ 500 ವರ್ಷಗಳೊಳಗೆ ಗುಂಪುಗಳ ನಡುವೆ ವಿನಿಮಯವಿದ್ದರೆ, ಪರಿಸರ ಒಂದೇ ತೆರನಾಗಿದ್ದರೆ ಅಪಾಯ ಕಡಿಮೆ ಎಂದು ಫ್ರಾಂಕಮ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಮೊದಲು ವರ್ಣತಂತು ಎಣಿಸಿ. ಆಸ್ಟ್ರೇಲಿಯಾದ ರುಟಿಡೋಸಿಸ್ ಲೆಪ್ಟೋರಿಂಕಾಯ್ಡಿಸ್‌ನಲ್ಲಿ ಪ್ರತಿ ವರ್ಣತಂತುವಿನ ಎರಡು ಪ್ರತಿಗಳಿರುವ ಗಿಡಗಳೂ ನಾಲ್ಕು ಪ್ರತಿಗಳಿರುವ ಗಿಡಗಳೂ ಇವೆ. ಅವನ್ನು ಅರಿಯದೆ ಬೆರೆಸಿದರೆ ಫಲಹೀನ ಸಂತತಿ ಬರುತ್ತದೆ. ನಾಲ್ಕು ಪ್ರತಿಗಳಿರುವ ಗಿಡಗಳಲ್ಲಿ ಅಲೀಲ್‌ನ ಪ್ರತಿಗಳೆಷ್ಟು ಎಂದು ಹೇಳುವುದೂ ಕಷ್ಟ, ಸಾಮಾನ್ಯ ತಂತ್ರಾಂಶಗಳು ಅಲ್ಲಿ ನಡೆಯುವುದಿಲ್ಲ.

ಮೊದಲು ನಿಯಂತ್ರಿತವಾಗಿ, ಮೂಲನೆಲೆಯ ಹೊರಗೆ ಸಂಕರ ಮಾಡಿ. ಮೊದಲ ಪೀಳಿಗೆಯ ಹುರುಪು ನೋಡಿ ಮರುಳಾಗದೆ ಎರಡನೆಯದನ್ನೂ ಬೆಳೆಸಿ ನೋಡಿ.

ಸಸ್ಯೋದ್ಯಾನದಲ್ಲಿ ನೂರಾರು ಗಿಡಗಳಿವೆ. ಅದು ಸುರಕ್ಷಿತ ಸಂಗ್ರಹವಲ್ಲವೇ?

ಅವೆಲ್ಲ ಎಷ್ಟು ತಾಯಂದಿರ ಮಕ್ಕಳು ಎಂದು ಕೇಳಿ. ಹವಾಯಿಯ ಮೌನಾ ಕೀ ಬೆಳ್ಳಿಗತ್ತಿ (ಸಿಲ್ವರ್‌ಸ್ವರ್ಡ್) ಗಿಡವನ್ನು ಮೇಕೆ ಕುರಿಗಳು ಬಹುತೇಕ ಮುಗಿಸಿದ್ದವು. 1970ರ ದಶಕದಿಂದ ಮರಳಿ ನೆಟ್ಟ ನೂರಾರು ಗಿಡಗಳು ಕೇವಲ ಎರಡು ತಾಯಿಗಿಡಗಳ ಸಂತತಿಯಾಗಿದ್ದವು. ಗಿಡಗಳ ಸಂಖ್ಯೆ ಏರಿತು, ಅಲೀಲ್‌ಗಳು ಹಿಂದೆ ಬಿದ್ದವು. ನಂತರ ಕಾಡಿನಲ್ಲುಳಿದ ಬೇರೆ ಗಿಡಗಳನ್ನೂ ಸಂಕರಕ್ಕೆ ಬಳಸುವ ಕೆಲಸ ನಡೆಯಿತು. ಈಸ್ಟರ್ ದ್ವೀಪದಲ್ಲಿ 1960ರ ಹೊತ್ತಿಗೆ ಕಾಡಿನಿಂದ ಮರೆಯಾದ ಟೊರೊಮಿರೊ ಮರದ ಸಂಗ್ರಹಗಳೂ ಕೆಲವೇ ಮೂಲಗಳಿಗೆ ಹೋಗಿ ಮುಟ್ಟುತ್ತವೆ. ದಕ್ಷಿಣ ಆಫ್ರಿಕಾದಲ್ಲಿ 1895ರಲ್ಲಿ ಸಿಕ್ಕ ಎನ್‌ಸೆಫಲಾರ್ಟೋಸ್ ವುಡಿಯೈ ಒಂದೇ ಒಂದು ಗಂಡುಗಿಡ. ಜಗತ್ತಿನ ಉದ್ಯಾನಗಳಲ್ಲಿರುವವೆಲ್ಲ ಅದರ ತದ್ರೂಪಿಗಳು, ಹೆಣ್ಣು ಇದುವರೆಗೆ ಸಿಕ್ಕಿಲ್ಲ.

ಬೀಜ ಸಂಗ್ರಹಿಸುವಾಗ ಪ್ರತಿ ತಾಯಿಗಿಡದ ಬೀಜವನ್ನು ಬೇರೆ ಚೀಲದಲ್ಲಿ, ಬೇರೆ ಸಂಖ್ಯೆಯಲ್ಲಿ ಇಡಿ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಕಳೆದುಹೋಗುವ ಮಾಹಿತಿಯನ್ನು ನಂತರ ಮಾರ್ಕರ್‌ಗಳಿಂದ ಮರಳಿ ಕಟ್ಟುವುದು ದುಬಾರಿ, ಎಷ್ಟೋ ಬಾರಿ ಅಸಾಧ್ಯ.

ಮಾರ್ಕರ್ ಏನನ್ನು ಹೇಳುವುದಿಲ್ಲ?

ಗಿಡ ಬರವನ್ನು ತಾಳುತ್ತದೆಯೇ, ರೋಗವನ್ನು ಎದುರಿಸುತ್ತದೆಯೇ ಎಂಬುದನ್ನು. ಸಾಮಾನ್ಯವಾಗಿ ಬಳಸುವ ಮಾರ್ಕರ್‌ಗಳು ತಟಸ್ಥ ಜಾಗಗಳಲ್ಲಿರುತ್ತವೆ. ಅವು ಸಂಬಂಧ, ಸಂಖ್ಯೆ, ಚಲನೆಯ ಕಥೆ ಹೇಳುತ್ತವೆ, ಗುಣದ ಕಥೆಯನ್ನಲ್ಲ. ಎರಡು ಗುಂಪುಗಳು ಮಾರ್ಕರ್‌ಗಳಲ್ಲಿ ಒಂದೇ ಎಂದು ಕಂಡರೂ ಒಂದು ಸುಣ್ಣದ ಮಣ್ಣಿಗೆ, ಇನ್ನೊಂದು ಜೌಗಿಗೆ ಒಗ್ಗಿರಬಹುದು. ಇದನ್ನು ತಿಳಿಯಲು ಎರಡನ್ನೂ ಒಂದೇ ತೋಟದಲ್ಲಿ ಬೆಳೆಸಿ ನೋಡುವ ಹಳೆಯ ವಿಧಾನಕ್ಕೆ ಇಂದಿಗೂ ಸಾಟಿಯಿಲ್ಲ.

ಹರ್ಬೇರಿಯಂನ (ಒಣಗಿಸಿಟ್ಟ ಸಸ್ಯಗಳ ಸಂಗ್ರಹದ) ಹಳೆಯ ಮಾದರಿಗಳಿಂದ ಡಿಎನ್‌ಎ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಚಿಕ್ಕ ಚಿಕ್ಕ ತುಂಡುಗಳಾಗಿ. ಗುರಿಯಿಟ್ಟ ಭಾಗಗಳನ್ನಷ್ಟೇ ಹಿಡಿದು ಓದುವ ವಿಧಾನಗಳು ಇದಕ್ಕೆ ಒಗ್ಗುತ್ತವೆ. ಕುಸಿತಕ್ಕೆ ಮುಂಚೆ ಯಾವ ಅಲೀಲ್‌ಗಳಿದ್ದವು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇರೆ ಇಲ್ಲ. ಮಾದರಿಯ ಕಾಗದದ ಮೇಲೆ ಉದುರಿದ ಚೂರನ್ನೇ ಮೊದಲು ಕೇಳಿ ಪಡೆಯಿರಿ.

ಅನುಮತಿಗಳು ಮತ್ತು ಸ್ಥಳದ ಮಾಹಿತಿ?

ಒಂದೇ ಒಂದು ಎಲೆಗೂ ಅನುಮತಿ ಬೇಕಾಗಬಹುದು. ನೆಲದ ಒಡೆಯರು, ಅರಣ್ಯ ಅಧಿಕಾರಿಗಳು, ಆ ಸಸ್ಯವನ್ನು ಬಳಸುತ್ತಾ ಬಂದ ಸಮುದಾಯ ಎಲ್ಲರ ಒಪ್ಪಿಗೆ ಪಡೆಯಿರಿ. ಗಡಿ ದಾಟಿಸುವುದಾದರೆ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಪಟ್ಟಿಯನ್ನು, ಆನುವಂಶಿಕ ಸಂಪನ್ಮೂಲಗಳ ಬಳಕೆ ಮತ್ತು ಲಾಭ ಹಂಚಿಕೆಯ ಬಗ್ಗೆ 2014ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಗೋಯಾ ಒಪ್ಪಂದದ ಷರತ್ತುಗಳನ್ನು ಮೊದಲೇ ನೋಡಿಕೊಳ್ಳಿ. ಡಿಎನ್‌ಎ ದತ್ತಾಂಶವನ್ನು ಮುಕ್ತವಾಗಿ ಹಂಚಿ. ಆರ್ಕಿಡ್, ಸೈಕಾಡ್, ಕಳ್ಳಿಯಂಥ ಕಳ್ಳಸಾಗಣೆಗೆ ಸಿಲುಕುವ ಗಿಡಗಳ ನಿಖರ ಸ್ಥಾನವನ್ನು ಮಾತ್ರ ಪ್ರಕಟಿಸಬೇಡಿ.

ಎಷ್ಟು ಸಮಯಕ್ಕೊಮ್ಮೆ ಮತ್ತೆ ಅಳೆಯಬೇಕು?

ವರ್ಷಗಳಲ್ಲಿ ಅಲ್ಲ, ಪೀಳಿಗೆಗಳಲ್ಲಿ ಲೆಕ್ಕ ಹಾಕಿ. ವಾರ್ಷಿಕ ಗಿಡಕ್ಕೆ ಐದು ವರ್ಷವೆಂದರೆ ಐದು ಪೀಳಿಗೆ, ಮರಕ್ಕೆ ಐದು ವರ್ಷದಲ್ಲಿ ಏನೂ ಬದಲಾಗಿರುವುದಿಲ್ಲ. ಮರುನೆಡುವಿಕೆ ಮಾಡಿದ್ದರೆ, ನೆಟ್ಟ ಗಿಡಗಳು ತಾವೇ ಬಿಟ್ಟ ಬೀಜದಿಂದ ಮೊದಲ ಸಸಿಗಳು ಎದ್ದಾಗ ಅಳೆಯುವುದು ಸರಿಯಾದ ಹೊತ್ತು. ಅದೇ ಮಾರ್ಕರ್‌ಗಳನ್ನು ಬಳಸಿ. ಉಳಿದ ಡಿಎನ್‌ಎಯನ್ನು ಮೈನಸ್ 80 ಡಿಗ್ರಿಯಲ್ಲೂ ಒಣ ಎಲೆಯನ್ನು ಬೇರೆ ಕಟ್ಟಡದಲ್ಲೂ ಇಡಿ. ಮರುಪರೀಕ್ಷೆಯಲ್ಲಿ ಹಳೆಯ ಮಾದರಿಗಳಲ್ಲಿ ಕೆಲವನ್ನಾದರೂ ಹೊಸವುಗಳ ಜೊತೆ ಒಂದೇ ಯಂತ್ರದಲ್ಲಿ, ಒಂದೇ ಸರದಿಯಲ್ಲಿ ಓಡಿಸಿದರೆ ಮಾತ್ರ ಎರಡು ಕಾಲದ ಅಂಕಿಗಳನ್ನು ಹೋಲಿಸಲು ಬರುತ್ತದೆ.